ರೀಫ್ ಟ್ಯಾಂಕಿನ ನೈಟ್ರೇಟ್ 40ರಿಂದ ಇಳಿಯುತ್ತಿಲ್ಲವೇ? ಮೊದಲು ಬಕೆಟ್ಟಿನ ನೀರು ನೋಡಿ

ಹೋದ ಬೇಸಿಗೆಯಲ್ಲಿ ಎಂಟು ಭಾನುವಾರ ಬಿಡದೆ ನನ್ನ ರೀಫ್ ಟ್ಯಾಂಕಿನ, ಅಂದರೆ ಹವಳ ಮತ್ತು ಕಡಲ ಮೀನು ಸಾಕುವ ಉಪ್ಪುನೀರಿನ ತೊಟ್ಟಿಯ, ನೀರು ಬದಲಿಸಿದೆ. 60 ಲೀಟರಿನಲ್ಲಿ ಪ್ರತಿ ಸಲ 15 ಲೀಟರ್ ತೆಗೆದು ಹೊಸ ಉಪ್ಪುನೀರು ಹಾಕುತ್ತಿದ್ದೆ. ಮುಂದಿನ ಶನಿವಾರ ಟೆಸ್ಟ್ ಮಾಡಿದರೆ ಕಿಟ್‌ನ ಬಣ್ಣದ ಕಾರ್ಡಿನ ಮೇಲೆ ಮತ್ತೆ ಅದೇ ಕಡುಗುಲಾಬಿ ಬಣ್ಣ. ನೈಟ್ರೇಟ್, ಅಂದರೆ ಮೀನಿನ ಕಸ, ಉಳಿದ ಆಹಾರ ಕೊಳೆತು ಕೊನೆಗೆ ಆಗುವ ಲವಣ, 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ). ಉಪ್ಪಿನ ಡಬ್ಬಿ ಖಾಲಿಯಾಗುತ್ತಾ ಬಂತು, ನೈಟ್ರೇಟ್ ಮಾತ್ರ ಕದಲಲಿಲ್ಲ. ಬಕೆಟ್ ಹೊತ್ತುಕೊಂಡು ಅಡುಗೆಮನೆಯಿಂದ ಹಾಲ್‌ಗೆ ಓಡಾಡುವುದನ್ನು ನೋಡಿ ಅವ್ವ ಅಂದಳು: "ಕಲಬುರಗ್ಯಾಗ ಕುಡ್ಯಾಕ ನೀರಿಗಿ ತ್ರಾಸು ಅದ, ಇವಂದು ನೋಡು, ಮನ್ಯಾಗ ಸಮುದ್ರ!"

ಟ್ಯಾಂಕು ದೊಡ್ಡದೇನಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಲೆಕ್ಕಕ್ಕೆ 70 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ 60 ಉಳಿಯುತ್ತದೆ. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ನಾಲ್ಕಾರು ಬಸವನಹುಳ. ಹವಳದಲ್ಲಿ ಮೆತ್ತನೆಯವು ಮಾತ್ರ: ಜೊಆಂತಿಡ್, ಮಶ್ರೂಮ್, ಒಂದು ಲೆದರ್. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲನೇ ಶೆಡ್ಯೂಲ್‌ನಲ್ಲೇ ಇವೆ. ನಮ್ಮ ಕಡಲಿನಿಂದ ಕಿತ್ತು ತಂದದ್ದನ್ನು ಯಾರಾದರೂ ಮಾರಲು ಬಂದರೆ ಕೈಮುಗಿದು ಕಳಿಸಿ.

ತೊಂದರೆ ಮೊದಲು ಕಂಡದ್ದು ಜೊಆಂತಿಡ್‌ಗಳಲ್ಲಿ. ಬೆಳಗ್ಗೆ ಲೈಟ್ ಹಾಕಿದ ಅರ್ಧ ಗಂಟೆಗೆ ಅರಳಬೇಕಾದವು ಮಧ್ಯಾಹ್ನವಾದರೂ ಮುಷ್ಟಿ ಕಟ್ಟಿಕೊಂಡೇ ಇದ್ದವು. ಗಾಜು ಒರೆಸಿದ ಎರಡನೇ ದಿನಕ್ಕೆ ಮತ್ತೆ ಕಂದು ಪೊರೆ. ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ. ಮೀನುಗಳಿಗೆ ಏನೂ ಆಗಿರಲಿಲ್ಲ. ಮೀನು 40 ಪಿಪಿಎಂ ಸುಲಭವಾಗಿ ತಾಳಿಕೊಳ್ಳುತ್ತದೆ. ಹಾಗಾಗಿ ಮೀನು ಆರಾಮಾಗಿದೆ ಎಂದು ನೀರೂ ಸರಿಯಿದೆ ಅಂದುಕೊಳ್ಳಬೇಡಿ.

ಎಷ್ಟಿದ್ದರೆ ಸರಿ? ಮೆತ್ತನೆಯ ಹವಳದ ಟ್ಯಾಂಕಿಗೆ ನಾನು 5ರಿಂದ 15 ಪಿಪಿಎಂ ಇಟ್ಟುಕೊಳ್ಳುತ್ತೇನೆ. ಸೊನ್ನೆಗೆ ಇಳಿಸುವ ಹಟ ಬೇಡ. ಸೊನ್ನೆಯಾದರೆ ಹವಳ ಬಿಳಿಚಿಕೊಳ್ಳುತ್ತದೆ, ಡೈನೋ ಎಂಬ ಲೋಳೆಲೋಳೆ ಕಂದು ಪೀಡೆ ಬರುವ ಸಾಧ್ಯತೆಯೂ ಇದೆ. ಅದಕ್ಕಿಂತ ಹಸಿರು ಪಾಚಿಯೇ ವಾಸಿ.

ಮೊದಲ ಅನುಮಾನ ಕಿಟ್ ಮೇಲಿರಲಿ

ಟ್ಯಾಂಕಿಗೆ ಕೈ ಹಾಕುವ ಮೊದಲು ಓದುತ್ತಿರುವ ಸಂಖ್ಯೆ ನಿಜವೇ ಅಂತ ನೋಡಿಕೊಳ್ಳಿ. ನೈಟ್ರೇಟ್ ಕಿಟ್‌ನಲ್ಲಿ ನೈಟ್ರೇಟನ್ನು ನೈಟ್ರೈಟ್ (ಕಸ ನೈಟ್ರೇಟ್ ಆಗುವ ಮುಂಚಿನ ಹಂತ, ಹೊಸ ಟ್ಯಾಂಕಿನಲ್ಲಿ ಉಳಿದಿರುತ್ತದೆ) ಮಾಡುವ ಲೋಹದ ಪುಡಿ ಇರುತ್ತದೆ. ಬಣ್ಣ ಬರುವುದು ಆ ನೈಟ್ರೈಟ್‌ನಿಂದ. ಪುಡಿ ಬಾಟಲಿಯ ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ ಓದು ಕಡಿಮೆ ಬರುತ್ತದೆ. ಹಾಳೆಯಲ್ಲಿ 30 ಸೆಕೆಂಡು ಅಲುಗಾಡಿಸಿ ಅಂತಿದ್ದರೆ ಗಡಿಯಾರ ನೋಡಿಕೊಂಡು ಅಲುಗಾಡಿಸಿ. ಕೈ ನೋಯುವುದೇ ಸರಿಯಾದ ಗುರುತು.

ಇದರ ತಿರುಗುಮುರುಗು ಇನ್ನೊಂದಿದೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಕಿಟ್ ಅದನ್ನೂ ನೈಟ್ರೇಟ್ ಲೆಕ್ಕಕ್ಕೆ ಹಾಕಿ ಹಲವು ಪಟ್ಟು ಜಾಸ್ತಿ ತೋರಿಸುತ್ತದೆ. ಟ್ಯಾಂಕು ಹಾಕಿ ಎರಡು ತಿಂಗಳೂ ಆಗಿಲ್ಲವೆಂದರೆ ಮೊದಲು ನೈಟ್ರೈಟ್ ಟೆಸ್ಟ್ ಮಾಡಿ. ಅದು ಸೊನ್ನೆ ಬರುವವರೆಗೂ ನೈಟ್ರೇಟ್ ಓದಿಗೆ ಬೆಲೆ ಕೊಡಬೇಡಿ.

ನಮ್ಮ ಊರಿಗೆ ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಹೊಸದೇನಲ್ಲ. ಪಶ್ಚಿಮದ ಗೋಡೆಗೆ ಹೊಡೆದ ಶೆಲ್ಫಿನಲ್ಲಿ ವರ್ಷಗಟ್ಟಲೆ ಕುಳಿತ ಕಿಟ್‌ನ ರಾಸಾಯನಿಕ ಸರಿಯಿರುತ್ತದೆ ಅಂತ ನಂಬುವುದು ಕಷ್ಟ. ಪರೀಕ್ಷಿಸುವುದು ಸುಲಭ. ತೊಗರಿ ಸೀಮೆಯಲ್ಲಿದ್ದೇವೆ, ಗೊಬ್ಬರದ ಅಂಗಡಿಗೆ ಬರವಿಲ್ಲ. 13-0-45 ಅಂತ ಕೇಳಿ. ಅದು ಪೊಟ್ಯಾಸಿಯಂ ನೈಟ್ರೇಟ್. ಬಂಗಾರದಂಗಡಿಯ ತಕ್ಕಡಿಯಲ್ಲಿ 1.7 ಗ್ರಾಂ ತೂಗಿಸಿ ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದರೆ ಸುಮಾರು 1000 ಪಿಪಿಎಂ ನೈಟ್ರೇಟ್ ಆಗುತ್ತದೆ. ಅದರಲ್ಲಿ 10 ಮಿಲಿ ತೆಗೆದು ಅಳತೆ ಒಟ್ಟು ಒಂದು ಲೀಟರ್ ಆಗುವಷ್ಟು ಡಿಸ್ಟಿಲ್ಡ್ ವಾಟರ್ ಬೆರೆಸಿದರೆ 10 ಪಿಪಿಎಂ. ಕಿಟ್ ಇದನ್ನು 10ರ ಹತ್ತಿರ ಓದಿದರೆ ಕಿಟ್ ಮೇಲೆ ತಪ್ಪು ಹೊರಿಸಬೇಡಿ. ಡಿಸ್ಟಿಲ್ಡ್ ವಾಟರ್ ಅಂದರೆ ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೀವಲ್ಲ, ಅದೇ. ಅದು ಟೆಸ್ಟಿಗೆ ಮಾತ್ರ, ಟ್ಯಾಂಕಿಗೆ ಸುರಿಯಬೇಡಿ. (ಬಂಗಾರದಂಗಡಿಯವನು ನನ್ನ ಬಿಳಿ ಪುಡಿ ನೋಡಿ ಎರಡೆರಡು ಸಲ ಮುಖ ನೋಡಿದ. ಗೊಬ್ಬರದ ಚೀಟಿ ಜೊತೆಗೆ ಒಯ್ಯುವುದು ಒಳ್ಳೆಯದು.)

40ರ ಆಚೆಗೆ ಬಣ್ಣಗಳೆಲ್ಲ ಒಂದೇ ಥರ ಕಾಣುತ್ತವೆ. ಆಗ ಒಂದು ಪಾಲು ಟ್ಯಾಂಕ್ ನೀರಿಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಟೆಸ್ಟ್ ಮಾಡಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ. ಬಣ್ಣ ಹೋಲಿಸುವಾಗ ಕಿಟಕಿಯ ಬೆಳಕಿನಲ್ಲಿ ನಿಲ್ಲಿ. ಹಳದಿ ಬಲ್ಬಿನ ಕೆಳಗೆ ಗುಲಾಬಿ ಬಣ್ಣ ಯಾವಾಗಲೂ ಸುಳ್ಳು ಹೇಳುತ್ತದೆ. ಕೆಲವು ಕಿಟ್‌ಗಳು ನೈಟ್ರೇಟ್ ಬದಲು ನೈಟ್ರೇಟ್-ನೈಟ್ರೋಜನ್ ತೋರಿಸುತ್ತವೆ, ಅದನ್ನು 4.43ರಿಂದ ಗುಣಿಸಿದರೆ ನಮಗೆ ಬೇಕಾದ ಸಂಖ್ಯೆ.

ನಾಲ್ಕು ಲೋಟ ನೀರು

ನನ್ನ ಕಿಟ್ ಸರಿಯಿತ್ತು. ಆಮೇಲೆ ಮಾಡಿದ್ದು ಮೊದಲ ವಾರವೇ ಮಾಡಬೇಕಿತ್ತು. ನಾಲ್ಕು ಸ್ಟೀಲ್ ಲೋಟ ಸಾಲಾಗಿ ಇಟ್ಟೆ. ಒಂದರಲ್ಲಿ ಟ್ಯಾಂಕಿನ ನೀರು. ಎರಡನೆಯದರಲ್ಲಿ ಆರ್‌ಓ ನೀರಿನಲ್ಲಿ ಆಗಷ್ಟೇ ಕಲಸಿದ ಹೊಸ ಉಪ್ಪುನೀರು. ಮೂರನೆಯದರಲ್ಲಿ ಆವಿಯಾದಷ್ಟು ನೀರು ದಿನಾ ತುಂಬುವ ಟಾಪ್-ಅಪ್‌ಗೆ ಬಳಸುವ ಆರ್‌ಓ ನೀರು. ನಾಲ್ಕನೆಯದರಲ್ಲಿ ಮನೆಯ ಬೋರ್ ನೀರು.

ಟ್ಯಾಂಕ್ 40. ಗೊತ್ತಿದ್ದದ್ದೇ. ಬೋರ್ 60ರ ಹತ್ತಿರ. ಇದೂ ಆಶ್ಚರ್ಯವೇನಲ್ಲ. ಹೊಲಕ್ಕೆ ಹಾಕುವ ಗೊಬ್ಬರ, ಊರೊಳಗಿನ ಇಂಗುಗುಂಡಿ, ತಿಪ್ಪೆ, ಇದೆಲ್ಲ ಸೋಸಿ ಕೆಳಗಿಳಿದು ಬೋರಿನಲ್ಲಿ ನೈಟ್ರೇಟ್ ಆಗಿ ಬರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 45. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಜಾಸ್ತಿಯೇ ಆಗುತ್ತದೆ. ಮನೆಯಲ್ಲಿ ಕೂಸಿಗೆ ಬೋರ್ ನೀರಿನಲ್ಲಿ ಹಾಲಿನ ಪುಡಿ ಕಲಸುತ್ತಿದ್ದರೆ ಮೀನಿನ ವಿಷಯ ಬಿಟ್ಟು ಮೊದಲು ಅದನ್ನು ನಿಲ್ಲಿಸಿ.

ಎದೆ ಝಲ್ ಎಂದದ್ದು ಎರಡನೇ ಮತ್ತು ಮೂರನೇ ಲೋಟಕ್ಕೆ. ಎರಡೂ 15! ಸೊನ್ನೆ ಅಂತ ನಂಬಿ ಎಂಟು ವಾರ ಸುರಿದ ನೀರು ಅದು.

ಆರ್‌ಓ ಮೆಷಿನ್ ಹೊಸದೇ, ಮೆಂಬ್ರೇನ್ (ಲವಣ ತಡೆಯುವ ಪೊರೆ) ಬದಲಿಸಿ ನಾಲ್ಕು ತಿಂಗಳೂ ಆಗಿರಲಿಲ್ಲ. ಸರ್ವಿಸ್ ಹುಡುಗನನ್ನು ಕರೆಸಿದೆ. ಅವನು ಮುಚ್ಚಳ ತೆಗೆದು, ಬೆರಳುದ್ದದ ಒಂದು ಸಣ್ಣ ತಿರುಪು ತೋರಿಸಿ ನಕ್ಕ. "ಸರ, ಇದು ಟಿಡಿಎಸ್ ಕಂಟ್ರೋಲರ್ ಅದರಿ. ನೀರು ಸಪ್ಪಗ ಆಗಬಾರ್ದು ಅಂತ ಸ್ವಲ್ಪ ಬೋರಿನ್ ನೀರು ಮಿಕ್ಸ್ ಬಿಟ್ಟೀವ್ರಿ. ಎಲ್ಲಾರ ಮನ್ಯಾಗೂ ಹಂಗೇ ಮಾಡ್ತೀವಿ."

ಕುಡಿಯುವವರಿಗೆ ಅದು ರುಚಿ, ಹವಳಕ್ಕೆ ನೈಟ್ರೇಟ್. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣ. ಬೋರಿನದು 1100. ತಿರುಪು ತೆರೆದಿದ್ದಾಗ ಮೆಷಿನ್ನಿಂದ ಬರುತ್ತಿದ್ದದ್ದು 230. ಪೂರ್ತಿ ಮುಚ್ಚಿಸಿದ ಮೇಲೆ 55ಕ್ಕೆ ಇಳಿಯಿತು. ಆದರೂ ನೈಟ್ರೇಟ್ 6 ಉಳಿಯಿತು. ಆರ್‌ಓ ಮೆಂಬ್ರೇನ್ ಬೇರೆ ಲವಣಗಳನ್ನು ತಡೆದಷ್ಟು ಚೆನ್ನಾಗಿ ನೈಟ್ರೇಟನ್ನು ತಡೆಯುವುದಿಲ್ಲ. ಅದಕ್ಕೇ ಮೆಂಬ್ರೇನ್‌ನಿಂದ ನೇರವಾಗಿ ಒಂದು ಪೈಪ್ ತೆಗೆಸಿ, ಅದಕ್ಕೆ ಉಳಿದ ಲವಣ ಹೀರುವ ಡಿಐ ರೆಸಿನ್ ತುಂಬಿದ ಒಂದು ಕಾರ್ಟ್ರಿಡ್ಜ್ ಕೂಡಿಸಿದೆ. ಈಗ ಟಿಡಿಎಸ್ ಸೊನ್ನೆ, ನೈಟ್ರೇಟ್ ಸೊನ್ನೆ. ಟಿಡಿಎಸ್ 2, 3 ತೋರಿಸಲು ಶುರುವಾದರೆ ರೆಸಿನ್ ಬದಲಿಸುತ್ತೇನೆ. ಮನೆಯವರು ಕುಡಿಯುವ ನಲ್ಲಿಯ ಲೈನು ಬೇರೆಯೇ ಇದೆ.

ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕದಿಂದ ತರುವವರೂ ಇದನ್ನೇ ಮಾಡಿ. ಅಲ್ಲೂ ರುಚಿಗೆ ಬೆರೆಸಿರಬಹುದು, ಮೆಂಬ್ರೇನ್ ಹಳೆಯದಾಗಿರಬಹುದು. ಒಂದು ಸಲ ನೋಡಿ ಬಿಟ್ಟರೆ ಸಾಲದು. ನಮ್ಮ ಸಂಪಿನಲ್ಲಿ ಕಾರ್ಪೊರೇಷನ್ ನೀರು ಬಂದ ದಿನ ಬೆಣ್ಣೆತೊರಾ, ಭೀಮೆಯ ನೀರು, ಬಾರದ ದಿನ ಬೋರು. ಹಾಗಾಗಿ ಟೆಸ್ಟಿನ ಸಂಖ್ಯೆ ವಾರಕ್ಕೊಂದು ಥರ ಬರುತ್ತದೆ. ಬೋರ್ ಓಡಿದ ದಿನ ನೋಡಿದ್ದೇ ಲೆಕ್ಕಕ್ಕೆ.

ಬೇಸಿಗೆಯಲ್ಲೇ ಯಾಕೆ ಏರಿತು

ನೀರು ಬದಲಿಸುವಾಗ ಹೊಸ ನೀರಿನ ಜೊತೆ 15 ಪಿಪಿಎಂ ಒಳಗೆ ಬರುತ್ತಿತ್ತು, ಅದೊಂದು ಭಾಗ. ಹೆಚ್ಚುಕಡಿಮೆ ಅಷ್ಟೇ ದೊಡ್ಡ, ಆದರೆ ಕಣ್ಣಿಗೆ ಬೀಳದ ಕಳ್ಳ ಟಾಪ್-ಅಪ್. ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಹೇಗೆ ಉಳಿಯುತ್ತದೋ ನೈಟ್ರೇಟ್ ಹಾಗೇ ಉಳಿಯುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಟ್ಯಾಂಕು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ ಅಂತ ಎಲ್ಲರೂ ಬಿಡುತ್ತೇವೆ, ನಾನೂ ಬಿಟ್ಟಿದ್ದೆ. ಮೇ ತಿಂಗಳ ಒಣ ಗಾಳಿಗೆ ನನ್ನ ಟ್ಯಾಂಕು ದಿನಕ್ಕೆ ಎರಡು ಲೀಟರ್ ಕಳೆದುಕೊಳ್ಳುತ್ತಿತ್ತು. ಬೆಳಗ್ಗೆ ಗಾಜಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ಮರುದಿನ ಆ ಗೆರೆ ಮುಟ್ಟುವವರೆಗೆ ಅಳತೆ ಜಗ್‌ನಲ್ಲಿ ನೀರು ಹಾಕಿ ಎಣಿಸಿದ್ದು ಇದು.

ಲೆಕ್ಕ ಹಾಕಿ. ದಿನಕ್ಕೆ 2 ಲೀಟರ್, ಲೀಟರಿಗೆ 15 ಮಿಲಿಗ್ರಾಂ, ಒಟ್ಟು 30 ಮಿಲಿಗ್ರಾಂ. 60 ಲೀಟರಿಗೆ ಹಂಚಿದರೆ ಅರ್ಧ ಪಿಪಿಎಂ. ವಾರಕ್ಕೆ 3.5. ಮೀನಿಗೆ ಒಂದು ಕಾಳೂ ಹಾಕದಿದ್ದರೂ ಇಷ್ಟು ಏರುತ್ತದೆ. ಮಳೆಗಾಲದಲ್ಲಿ ಇದೇ ಟ್ಯಾಂಕು ದಿನಕ್ಕೆ ಒಂದು ಲೀಟರೂ ಕುಡಿಯುವುದಿಲ್ಲ, ಹಾಗಾಗಿ ಆಗ ತೊಂದರೆ ಅಡಗಿರುತ್ತದೆ. ಉಪ್ಪಿನ ಅಂಶ ನೋಡುವ ಮೀಟರು 1.025 ಅಂತ ಸರಿಯಾಗೇ ತೋರಿಸುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಈಗ 40 ಯಾಕೆ ಕದಲಲಿಲ್ಲ ಅಂತ ನೋಡಿ. ಭಾನುವಾರ ನೀರು ಬದಲಿಸಿದ ಮೇಲಿಂದ ಮುಂದಿನ ಶನಿವಾರದವರೆಗೆ ನನ್ನ ಟ್ಯಾಂಕಿನಲ್ಲಿ ಸುಮಾರು 6 ಪಿಪಿಎಂ ಏರುತ್ತಿತ್ತು. ಬೆರೆಸಿ ಟೆಸ್ಟ್ ಮಾಡಿ ಕಂಡ ಅಂದಾಜು. ಟಾಪ್-ಅಪ್‌ನದು 3.5, ಉಳಿದ 2.5 ಆಹಾರದ್ದು. ಕಾಲು ಭಾಗ ನೀರು ಬದಲಿಸಿದರೆ 40ರಲ್ಲಿ ಕಾಲು ಭಾಗ ಹೋಗುವುದಿಲ್ಲ. ಹೊಸ ನೀರಿನಲ್ಲೇ 15 ಇದೆಯಲ್ಲ, ಅಂದರೆ 25ರಲ್ಲಿ ಕಾಲು ಭಾಗ, ಸುಮಾರು 6 ಹೋಗುತ್ತದೆ. ಬರುವುದು 6, ಹೋಗುವುದು 6. ಎಂಟು ವಾರ ಅಲ್ಲ, ಎಂಟು ವರ್ಷ ಬದಲಿಸಿದ್ದರೂ ಅಲ್ಲೇ ನಿಲ್ಲುತ್ತಿತ್ತು.

ನಿಮ್ಮ ಟ್ಯಾಂಕು ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಹೇಳಬಹುದು. ವಾರಕ್ಕೆ ಎಷ್ಟು ಏರುತ್ತದೋ ಅದನ್ನು ಬದಲಿಸುವ ಪಾಲಿನಿಂದ ಭಾಗಿಸಿ, ಹೊಸ ನೀರಿನ ನೈಟ್ರೇಟ್ ಕೂಡಿಸಿ. ನನ್ನದು: 6 ಭಾಗಿಸು 0.25 ಅಂದರೆ 24, ಕೂಡಿಸು 15, ಒಟ್ಟು 39. ಕಾರ್ಡು ಹೇಳಿದ್ದೂ ಅದನ್ನೇ. ನೀರು ಶುದ್ಧ ಮಾಡಿದ ಮೇಲೆ 2.5 ಭಾಗಿಸು 0.25, ಅಂದರೆ 10. ಒಂದೇ ವಾರಕ್ಕೆ ಇಳಿಯಲಿಲ್ಲ, ಇಳಿಯಲೂಬಾರದು. ನಾಲ್ಕನೇ ವಾರ 20ರ ಹತ್ತಿರ, ಎಂಟನೇ ವಾರ 10 ಮತ್ತು 20ರ ನಡುವಿನ ಬಣ್ಣ. ಜೊಆಂತಿಡ್ ಮೂರನೇ ವಾರಕ್ಕೇ ಅರಳಿದವು.

ನಿಮ್ಮ ನಾಲ್ಕು ಲೋಟದಲ್ಲಿ ನೀರು ಸರಿಯಿದ್ದರೆ

ಆಗ ತಪ್ಪು ಟ್ಯಾಂಕಿನೊಳಗಿದೆ. ಬಹುಪಾಲು ಕೈ ತಪ್ಪು, ಅಂದರೆ ಆಹಾರ. ಒಂದು ಗ್ರಾಂ ಒಣ ಪೆಲೆಟ್‌ನಲ್ಲಿ 45 ಶೇಕಡಾ ಪ್ರೊಟೀನ್ ಇದೆ ಅಂತಿಟ್ಟುಕೊಳ್ಳಿ. ಪ್ರೊಟೀನಿನಲ್ಲಿ ಸುಮಾರು 16 ಶೇಕಡಾ ನೈಟ್ರೋಜನ್. ಅದೆಲ್ಲ ಕೊನೆಗೆ ನೈಟ್ರೇಟ್ ಆದರೆ 320 ಮಿಲಿಗ್ರಾಂ ಹತ್ತಿರ, 60 ಲೀಟರಿಗೆ 5 ಪಿಪಿಎಂ. ಒಂದು ಗ್ರಾಂ ಅಂದರೆ ಒಂದು ಚಿಟಿಕೆ ಅಷ್ಟೇ. ಮನೆಗೆ ಬಂದ ನೆಂಟರ ಮಕ್ಕಳು "ಮಾಮಾ ನಾನ್ ಹಾಕ್ತೀನಿ" ಅಂತ ಡಬ್ಬಿ ಹಿಡಿದರೆ ಎಷ್ಟು ಗ್ರಾಂ ಬೀಳುತ್ತದೆ ಅಂತ ನನಗೆ ಗೊತ್ತು. ಈಗ ಬೆಳಗ್ಗೆಯೇ ದಿನದ ಪಾಲನ್ನು ಒಂದು ಸಣ್ಣ ಕುಂಕುಮದ ಡಬ್ಬಿಯಲ್ಲಿ ಎತ್ತಿಡುತ್ತೇನೆ, ದೊಡ್ಡ ಡಬ್ಬಿ ಅಲಮಾರಿಯ ಮೇಲೆ. ಫ್ರೋಜನ್ ಆಹಾರ ಕೊಡುವವರು ಕರಗಿದ ನೀರನ್ನು ಟೀ ಜರಡಿಯಲ್ಲಿ ಬಸಿದು ಚೆಲ್ಲಿ.

ಏರಿಕೆ ನಿಧಾನವೋ ಒಮ್ಮೆಲೇ ಜಿಗಿತವೋ ಅಂತ ಗಮನಿಸಿ. ಎರಡು ಮೂರು ದಿನದಲ್ಲಿ ಜಿಗಿದಿದ್ದರೆ ಏನೋ ಸತ್ತಿದೆ. ಬಸವನಹುಳಗಳನ್ನು ಎಣಿಸಿ, ಅಲುಗಾಡದವನ್ನು ಎತ್ತಿ ಮೂಸಿ ನೋಡಿ. ಸತ್ತಿದ್ದರೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಕರೆಂಟು ನಾಲ್ಕೈದು ಗಂಟೆ ಹೋಗಿ ಬಂದ ಮೇಲೆ ಹೀಗಾದರೆ ಅಮೋನಿಯಾವನ್ನೂ ಟೆಸ್ಟ್ ಮಾಡಿ. ಪಂಪ್ ನಿಂತು, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಕಲ್ಲಿನೊಳಗಿನ ಜೀವಗಳು ಸತ್ತಿರಬಹುದು. ಇನ್ವರ್ಟರ್‌ಗೆ ಲೈಟಿಗಿಂತ ಮೊದಲು ಪಂಪ್ ಕೂಡಿಸಿ.

ನಿಧಾನವಾಗಿ ಏರುತ್ತಿದ್ದರೆ ಕಸ ಎಲ್ಲಿ ಕೂತಿದೆ ಹುಡುಕಿ. ಫಿಲ್ಟರಿನ ಬಿಳಿ ಹತ್ತಿಯನ್ನು ಮೂರು ದಿನಕ್ಕೊಮ್ಮೆ ಎಸೆಯದಿದ್ದರೆ ಅದರಲ್ಲಿ ಹಿಡಿದ ಕೊಳೆ ಅಲ್ಲೇ ಕೊಳೆತು ನೈಟ್ರೇಟ್ ಆಗುತ್ತದೆ. ಕಲ್ಲಿನ ಹಿಂದಿನ ಮೂಲೆಗೆ ಪೈಪೆಟ್ಟಿನಿಂದ ಜೋರಾಗಿ ನೀರು ಊದಿ. ಕಂದು ಮೋಡ ಎದ್ದರೆ ಅಲ್ಲೇ ಇದೆ. ಮರಳನ್ನು ಒಂದೇ ದಿನ ಪೂರ್ತಿ ಕಲಕಬೇಡಿ, ವಾರಕ್ಕೊಂದು ಕಾಲು ಭಾಗ ಸೈಫನ್ ಮಾಡಿ.

ಕಲ್ಲಿನ ವಿಷಯಕ್ಕೆ ನಮ್ಮ ಕಡೆ ಒಂದು ಆಸೆ ಇರುತ್ತದೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಅಲ್ವಾ, ಬಿಟ್ಟಿ ಸಿಗುತ್ತದೆ, ಹಾಕಿದರೇನು ಅಂತ. ನಾನೂ ಮೊದಲು ಅದನ್ನೇ ಜೋಡಿಸಿದ್ದೆ. ನೀರಿಗೆ ಕೇಡಿಲ್ಲ, ಉಪಯೋಗವೂ ಇಲ್ಲ. ನೈಟ್ರೇಟನ್ನು ತಿಂದು ಗಾಳಿಯಾಗಿ ಬಿಡುವ ಬ್ಯಾಕ್ಟೀರಿಯಾ ಇರುವುದು ಕಲ್ಲಿನ ಒಳರಂಧ್ರಗಳ ಆಮ್ಲಜನಕ ಇಲ್ಲದ ಜಾಗದಲ್ಲಿ. ಶಹಾಬಾದ್ ಕಲ್ಲು ನೆಲಹಾಸಿಗೆ ಒಳ್ಳೆಯದಾಗಿರುವುದೇ ರಂಧ್ರವಿಲ್ಲದೆ ಗಟ್ಟಿಯಾಗಿರುವುದರಿಂದ. ಬೀದರಿನ ಗೆಳೆಯ ಅಲ್ಲಿನ ಕೆಂಪು ಜಂಬಿಟ್ಟಿಗೆ ತರುತ್ತೇನೆ, ಅದರ ತುಂಬ ತೂತು ಅಂದ. ತೂತು ನಿಜ, ಆದರೆ ತುಂಬ ಕಬ್ಬಿಣ. ಪಾಚಿಗೆ ಹಬ್ಬ ಮಾಡಿದಂತಾಗುತ್ತದೆ, ಬೇಡ ಅಂದೆ. ಈಗ ಹೈದರಾಬಾದಿನಿಂದ ತರಿಸಿದ ರಂಧ್ರವಿರುವ ಸೆರಾಮಿಕ್ ತುಂಡುಗಳಿವೆ. ಅವು ಕೆಲಸ ಶುರು ಮಾಡಲು ತಿಂಗಳುಗಳೇ ಬೇಕು.

ಕೀಟೋ ಎಂಬ ನೂಲಿನಂಥ ಪಾಚಿಯನ್ನು ಹಿಂದಿನ ಖಾನೆಯಲ್ಲಿ ಬೆಳೆಸಿ ವಾರಕ್ಕೊಂದು ಹಿಡಿ ಕಿತ್ತು ಎಸೆಯುವುದು ನನಗೆ ಇಷ್ಟವಾದ ಉಪಾಯ. ಕಿತ್ತ ಪಾಚಿಯ ಜೊತೆ ನೈಟ್ರೇಟೂ ಹೊರಗೆ ಹೋಗುತ್ತದೆ. ವಿನೆಗರ್ ಅಥವಾ ವೋಡ್ಕಾ ಹಾಕಿ ನೈಟ್ರೇಟ್ ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಿಸುವವರೂ ಇದ್ದಾರೆ. ದೊಡ್ಡ ಟ್ಯಾಂಕು, ಒಳ್ಳೆ ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಯಂತ್ರ) ಇದ್ದವರಿಗೆ ಅದು ಸರಿ. 60 ಲೀಟರಿನಲ್ಲಿ, ಮೇ ತಿಂಗಳಲ್ಲಿ, ಕರೆಂಟಿನ ಭರವಸೆ ಇಲ್ಲದ ಕಡೆ ನಾನು ಮುಟ್ಟುವುದಿಲ್ಲ. ಹೆಚ್ಚಾದ ಬ್ಯಾಕ್ಟೀರಿಯಾ ಆಮ್ಲಜನಕ ಹೀರಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಮೀನು ಮೇಲೆ ತೇಲುತ್ತಿರುತ್ತವೆ.

ಕೊನೆಗೊಂದು. ಈ ಮಾರ್ಚಿನಲ್ಲಿ ಆರ್‌ಓ ವಾರ್ಷಿಕ ಸರ್ವಿಸ್ ಆಯಿತು. ನಾನು ಮನೆಯಲ್ಲಿರಲಿಲ್ಲ. ಸಂಜೆ ಬಂದು ಸುಮ್ನೆ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಟ್ಯಾಂಕಿನ ಪೈಪಿನಲ್ಲಿ 190. ಬೇರೆ ಹುಡುಗ ಬಂದಿದ್ದ. ಯಾಕೆ ಹೊರಗೊಂದು ಪೈಪ್ ಹೋಗಿದೆ ಅಂತ ತಿಳಿಯದೆ ನನ್ನ ಪೈಪನ್ನು ಡಿಐ ಕಾರ್ಟ್ರಿಡ್ಜ್ ಸಮೇತ ಕಿತ್ತು, ಕುಡಿಯುವ ನಲ್ಲಿಯ ಲೈನಿಗೆ ಕವಲು ಹಾಕಿ ಕೂಡಿಸಿ, ಮಿಕ್ಸ್ ತಿರುಪು ಮತ್ತೆ ತೆರೆದು ಹೋಗಿದ್ದ. ಈಗ ಆ ಪೈಪಿಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ, "ಮೀನಿನ ನೀರು, ಮುಟ್ಟಬ್ಯಾಡ್ರಿ" ಅಂತ ಮಾರ್ಕರಿನಲ್ಲಿ ಬರೆದಿದ್ದೇನೆ. ಸರ್ವಿಸ್ ಆದ ದಿನ ಮೊದಲ ಬಕೆಟ್ ನೀರು ಟೆಸ್ಟ್ ಮಾಡದೆ ಟ್ಯಾಂಕಿನ ಹತ್ತಿರ ಒಯ್ಯುವುದಿಲ್ಲ.